ಭರತನೆಂಬ ಹೆಸರಿನ ಋಣ

ಗಂಡಹೆಂಡಿರ ನಡುವೆ ಮಾತು ನಿಂತುಹೋಗಬಹುದು, ಒಂದು ಮನೆ ಎರಡಾಗಬಹುದು. ಮಗುವಿನ ಹಸಿವು ಮಾತ್ರ ಇದಾವುದನ್ನೂ ಅರಿಯದು. ಹೀಗಿದ್ದರೂ, ವಿಚ್ಛೇದನವಾಗುವ ತನಕ ಮಗುವಿನ ಪೋಷಣೆಗೆಂದು ತಂದೆಯನ್ನು ಹಣ ಕೇಳುವಂತಿಲ್ಲ ಎಂಬ ನಂಬಿಕೆಯೊಂದು ನಮ್ಮಲ್ಲಿ ಬೇರೂರಿದೆ. ವಿದ್ಯಾವಂತರೂ ಹೀಗೆ ನುಡಿಯುವುದನ್ನು ನಾನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೇ ಕೇಳಿದ್ದೇನೆ.

ಕಾಯಿದೆ ಹಾಗೆ ಹೇಳುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿ ಮುಂದುವರಿದಿದೆ. ಅದು ಕೇಳುವುದಿಷ್ಟೆ: ತಂದೆಗೆ ಶಕ್ತಿಯಿದೆಯೆ? ಇದ್ದೂ ಮಗುವನ್ನು ಉಪೇಕ್ಷಿಸಿದ್ದಾನೆಯೆ? ಸಕಾರಣವಿಲ್ಲದೆ ಗಂಡನನ್ನು ತೊರೆದಳೆಂದು ಹೆಂಡತಿಗೆ ಜೀವನಾಂಶ ತಪ್ಪಿದರೂ ಆ ಆಕ್ಷೇಪ ಮಗುವಿನ ಹಕ್ಕನ್ನು ತಟ್ಟದು. ತಾಯಿ ತಾನಿರುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟೀಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು. ತಿಂಗಳಿಗೆ 500 ರೂಪಾಯಿಯೆಂಬ ಹಳೆಯ ಮಿತಿ 2001ರಲ್ಲಿಯೇ ತೊಲಗಿತು. ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ವಿಧಿಸಿತು. ವಕೀಲರನ್ನಿಡಲಾರದ ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವುಂಟು.

ಇಷ್ಟಿದ್ದೂ ತಾಯಂದಿರು ಹಿಂಜರಿಯುವುದೇಕೆ? ಕೇಳಿದರೆ ಸಂಸಾರ ಒಡೆದೇ ಹೋದೀತೆಂಬ ಅಂಜಿಕೆ. ಬೇಡುವ ಕೈ ಎನಿಸಿಕೊಳ್ಳುವ ಸಂಕೋಚ. ಆದರೆ ಮಗುವಿನ ಹಾಲಿನ ಲೆಕ್ಕ, ಶಾಲೆಯ ಶುಲ್ಕದ ಲೆಕ್ಕ ಒಪ್ಪಿಸಿದ ಮಾತ್ರಕ್ಕೆ ಸಾಮರಸ್ಯದ ಬಾಗಿಲು ಮುಚ್ಚುವುದಿಲ್ಲ. ತಿಂಗಳು ತಿಂಗಳೂ ತನ್ನ ಪಾಲು ಸಲ್ಲಿಸುವ ತಂದೆಗೂ ಮನೆಗೂ ನಡುವೆ ಒಂದು ಎಳೆಯಾದರೂ ಉಳಿದಿರುತ್ತದೆ. ‘ಮಗುವನ್ನು ತೋರಿಸದವಳಿಗೆ ಹಣವೇಕೆ?’ ಎಂಬ ಮಾತೂ ಸಲ್ಲದು. ಮಗುವನ್ನು ಕಾಣುವ ಹಕ್ಕನ್ನು ತಂದೆ ನ್ಯಾಯಾಲಯದಲ್ಲಿ ಕೇಳಲಿ, ಅದು ನ್ಯಾಯವೇ. ಅನ್ನವನ್ನು ಅದಕ್ಕೆ ಒತ್ತೆಯಿಡಬಾರದು.

ಶಕುಂತಲೆಯೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಕಾಳಿದಾಸನ ಉಂಗುರ ನೆನಪಾಗುತ್ತದೆ. ವ್ಯಾಸಭಾರತದ ಆದಿಪರ್ವದಲ್ಲಿ ಉಂಗುರವಿಲ್ಲ. ಮಗನೊಡನೆ ರಾಜಸಭೆಗೆ ಬಂದು ನಿಂತ ತಾಯಿಯಿದ್ದಾಳೆ. ತನ್ನನ್ನು ತೊರೆದರೂ ಮಗನನ್ನು ತೊರೆಯಲಾಗದೆಂಬುದು ಅವಳ ವಾದ. ಇಂದಿನ ಕಾಯಿದೆ ಕಂಡುಕೊಂಡ ವಿವೇಕವೂ ಅದೇ. ದುಷ್ಯಂತ ನಿರಾಕರಿಸಿದಾಗ ಮಗನನ್ನು ಭರಿಸೆಂದು ಅಶರೀರವಾಣಿ ನುಡಿಯಿತು. ಆ ಮಾತಿನಿಂದಲೇ ಹುಡುಗ ಭರತನೆನಿಸಿದ. ಭರಿಸುವುದೆಂದರೆ ಹೊರುವುದು, ಪೋಷಿಸುವುದು. ಅಂತಹ ಹೆಸರನ್ನು ಹೊತ್ತ ನಾಡಿನಲ್ಲಿ ಮಗುವಿನ ಅನ್ನವನ್ನು ಕೇಳಲು ಯಾವ ತಾಯಿಯೂ ತಲೆತಗ್ಗಿಸಬೇಕಾಗಿಲ್ಲ.