ಬಾಡಿಗೆ ಕೋಣೆಯ ಹಳಹಳಿಕೆ

ಕನ್ನಡ ವಿಮರ್ಶೆಯಲ್ಲಿ ‘ಹಳಹಳಿಕೆ’ ಎಂಬ ಪದಕ್ಕೆ ಮರ್ಯಾದೆಯ ಸ್ಥಾನವಿಲ್ಲ. ಒಂದು ಕೃತಿಯಲ್ಲಿ ಹಳಹಳಿಕೆಯಿದೆ ಎಂದರೆ ಅದು ವರ್ತಮಾನಕ್ಕೆ ಬೆನ್ನು ತಿರುಗಿಸಿ ಕುಳಿತಿದೆ ಎಂದೇ ತಾತ್ಪರ್ಯ. ಇಂಗ್ಲಿಷಿನ ‘ನಾಸ್ಟಾಲ್ಜಿಯಾ’ಕ್ಕೆ ಸಂವಾದಿಯಾಗಿ ಈ ಪದ ರೂಢಿಗೆ ಬಂದಿದೆ, ಆ ಪದವಾದರೂ ಹುಟ್ಟಿದ್ದು ರೋಗವೊಂದರ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ, ಮನೆಗೆ ಮರಳುವಿಕೆ ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಬೆಸೆದು ಅದನ್ನು ಕಟ್ಟಿದ. ಮನೆಯಿಂದ ದೂರವಾದವರು ಮನೆಯ ನೆನಪಿನಲ್ಲಿ ಸೊರಗುವ ಕಾಯಿಲೆ ಅದು. ಹಾಗಿರುವಾಗ, ಮನೆಯೇ ಅಲ್ಲದ, ಎರಡು ರಾತ್ರಿಯ ಮಟ್ಟಿಗೆ ಬಾಡಿಗೆ ತೆತ್ತು ಪಡೆದ ಕೋಣೆಯೊಂದಕ್ಕಾಗಿ ಐವತ್ತು ದಾಟಿದವರು ಹಂಬಲಿಸಿದರೆ ಅದನ್ನು ಏನೆಂದು ಕರೆಯಬೇಕು?

ಬೀದರ, ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ನೌಕರದಾರ ಕುಟುಂಬಗಳಲ್ಲಿ ಈ ಹಂಬಲ ಸಾಮಾನ್ಯ. ಮದುವೆಮನೆಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೆಡೆ ಕುಳಿತರೆ 1980–90ರ ದಶಕಗಳ ಬೇಸಿಗೆ ಪ್ರವಾಸದ ಮಾತು ಬಂದೇ ಬರುತ್ತದೆ. ಸೋಜಿಗವೆಂದರೆ ನೋಡಲು ಹೋದ ಗುಡಿ ಗುಮ್ಮಟಗಳು ಆ ಮಾತಿನಲ್ಲಿ ಬೇಗನೆ ಮುಗಿದುಹೋಗುತ್ತವೆ. ಉಳಿಯುವುದು ಕೋಣೆ. ಬೆಳಿಗ್ಗೆ ಗೊತ್ತಾದ ವೇಳೆಗೆ ಮಾತ್ರ ಬರುತ್ತಿದ್ದ ಬಿಸಿನೀರು, ಪ್ಲಾಸ್ಟಿಕ್ ಬಕೆಟ್ಟು, ನೆಲಕ್ಕೆ ಹಾಸಿಕೊಟ್ಟ ಹೆಚ್ಚುವರಿ ಗಾದಿ, ಅದರ ಮೇಲೆ ಮಲಗುವುದಕ್ಕೆ ಮಕ್ಕಳ ಜಗಳ, ಮೂಲೆಯಲ್ಲಿ ನಿಗಮದ ಹೆಸರು ಅಚ್ಚಾದ ಬಿಳಿಯ ಚಾದರ, ಗುಂಡಿ ಒತ್ತಿದರೆ ಬಂದು ನಿಲ್ಲುತ್ತಿದ್ದ ಹುಡುಗ. (ಇಂಥ ಕೆಲವು ಹೋಟೆಲುಗಳ ಮಗ್ಗುಲಲ್ಲಿ ಬಾರ್ ಕೂಡ ಇರುತ್ತಿತ್ತು, ನೆನಪಿನ ಪಟ್ಟಿಯಿಂದ ಅದು ಜಾಣತನದಿಂದ ಜಾರಿಹೋಗಿದೆ.)

ಈ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ‘ಮಯೂರ’. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿ ಸ್ಥಾಪನೆಯಾಯಿತು. ಅದರ ಹೋಟೆಲುಗಳಿಗೆಲ್ಲ ಮೊದಲ ಹೆಸರು ಒಂದೇ, ಎರಡನೆಯದು ಊರಿಗೆ ತಕ್ಕದ್ದು. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಹಂಪೆಗೆ ಹತ್ತಿರದ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಬೇಲೂರಿನಲ್ಲಿ ಮಯೂರ ವೇಲಾಪುರಿ, ವಿಜಾಪುರದಲ್ಲಿ ಮಯೂರ ಆದಿಲ್‌ಶಾಹಿ, ಕಲಬುರ್ಗಿಯಲ್ಲಿ ಮಯೂರ ಬಹಮನಿ, ಬೀದರಿನ ಉದಗೀರ ರಸ್ತೆಯಲ್ಲಿ ಮಯೂರ ಬರೀದ್‌ಶಾಹಿ. ಮಯೂರವೆಂದರೆ ನವಿಲು, ಕದಂಬರ ಮೂಲಪುರುಷನ ಹೆಸರೂ ಅದೇ. 1975ರಲ್ಲಿ ತೆರೆಕಂಡ ರಾಜಕುಮಾರರ ‘ಮಯೂರ’ವನ್ನು ಊರ ಟಾಕೀಜಿನಲ್ಲಿ ನೋಡಿದ್ದ ಮಕ್ಕಳಿಗೆ ಆ ಫಲಕ ಅಪರಿಚಿತವೆನಿಸುತ್ತಿರಲಿಲ್ಲ.

ಗಡಿಯಾಚೆಯ ಕನ್ನಡ ಮನೆಗಳಿಗೆ ಆ ಫಲಕದಲ್ಲಿ ಇನ್ನೂ ಒಂದು ಅರ್ಥವಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮರಾಠಿ ಸೀಮೆಗೆ ಸೇರಿದವು. ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ಇವು ಆಂಧ್ರಕ್ಕೆ ಹೋದವು. ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಅದೇ ದಾರಿ ಹಿಡಿದವು. ಕಲ್ಹೇರಿನ ಕನ್ನಡ ಮನೆಯೊಂದು ಇದ್ದಲ್ಲಿಯೇ ಇದ್ದುಕೊಂಡು ಬೇರೆ ರಾಜ್ಯದ್ದಾಯಿತು. ಅವ್ವನ ಜೋಗುಳದಲ್ಲಿಯೂ ದೇವರ ಮುಂದಿನ ಹಾಡಿನಲ್ಲಿಯೂ ಇದ್ದ ಭಾಷೆ ಕಚೇರಿಯ ಫಲಕದಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಬೀದರಕ್ಕೆ ಬಂದು ಇಳಿದು, ಸರ್ಕಾರದ್ದೇ ಆದ ಕಟ್ಟಡವೊಂದರ ಮೇಲೆ ತನ್ನ ಭಾಷೆಯ ಅಕ್ಷರಗಳನ್ನು ಕಂಡು, ‘ಕೋಣೆ ಐತೇನ್ರೀ’ ಎಂದು ಕೇಳಿ, ಅದೇ ಭಾಷೆಯಲ್ಲಿ ಉತ್ತರ ಪಡೆಯುವುದು ಆ ಮನೆಯ ಮಾಸ್ತರರಿಗೆ ಚಿಕ್ಕ ಸಂಗತಿಯಾಗಿರಲಿಕ್ಕಿಲ್ಲ.

ನೆರೆಯ ರಾಜ್ಯಗಳೂ ಇಂಥ ಹೋಟೆಲುಗಳನ್ನು ಕಟ್ಟಿದವು. ಹೆಸರಿಡುವುದರಲ್ಲಿ ಒಂದೊಂದರದು ಒಂದೊಂದು ಬಗೆ. ತಮಿಳರು ಊರೂರಿನಲ್ಲಿಯೂ ‘ಹೋಟೆಲ್ ತಮಿಳುನಾಡು’ ಎಂದೇ ಬರೆದರು. ಆಂಧ್ರದವರು ‘ಪುನ್ನಮಿ’ ಎಂದು ಬೆಳದಿಂಗಳನ್ನು ಕರೆದರು, ಅನಂತರ ‘ಹರಿತ’ ಎಂದರು. ತೆಲಂಗಾಣದಲ್ಲಿ ಇಂದಿಗೂ ಅದೇ ಹೆಸರಿದೆ. ಕನ್ನಡದ ಫಲಕಗಳು ಮಾತ್ರ ಇತಿಹಾಸದ ಪಾಠವನ್ನು ಒಪ್ಪಿಸಿದವು. ಆ ಪಾಠದಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಚಾಲುಕ್ಯ, ಹೊಯ್ಸಳರ ಸಾಲಿನಲ್ಲಿಯೇ ಬಹಮನಿ, ಬರೀದ್‌ಶಾಹಿ, ಆದಿಲ್‌ಶಾಹಿಗಳು ಒಂದೇ ಮನೆತನದ ಅಣ್ಣತಮ್ಮಂದಿರಂತೆ ನಿಂತಿವೆ. ಕದಂಬರ ನವಿಲು ಬೀದರಿನ ಸುಲ್ತಾನರ ಹೆಸರಿನ ಪಕ್ಕದಲ್ಲಿ ಯಾವ ವಾದವೂ ಇಲ್ಲದೆ ಕುಳಿತಿದೆ. ಸಮನ್ವಯವನ್ನು ಕುರಿತು ಬರೆದ ಎಷ್ಟೋ ಪ್ರಬಂಧಗಳಿಗಿಂತ ಈ ಫಲಕಗಳನ್ನು ಓದಿದವರ ಸಂಖ್ಯೆ ದೊಡ್ಡದು.

ಆದರೂ ಫಲಕ ಅರ್ಧ ಕಾರಣ ಮಾತ್ರ. ಉಳಿದರ್ಧಕ್ಕೆ ಪದಗಳ ಕಡೆ ತಿರುಗಬೇಕು. ಪರಊರಿನಲ್ಲಿ ತಂಗುವ ಜಾಗಕ್ಕೆ ಕನ್ನಡದಲ್ಲಿ ಹೆಸರಿಗೆ ಬರವಿಲ್ಲ: ಛತ್ರ, ಧರ್ಮಶಾಲೆ, ಮಠ, ಬಿಡಾರ, ಈ ಸೀಮೆಯಲ್ಲಿ ಮುಸಾಫಿರಖಾನೆ. ‘ಹೋಟೆಲು’ ಎಂದರೆ ಮೊದಲು ತಿನ್ನುವ ಜಾಗ, ಖಾನಾವಳಿಯ ಬಂಧು. ಮಲಗುವ ಜಾಗಕ್ಕೆ ‘ಲಾಡ್ಜು’ ಎಂಬ ಹೆಸರಿತ್ತು, ಆ ಹೆಸರಿನ ಮೇಲೆ ಗೃಹಸ್ಥರಿಗೆ ಗುಮಾನಿಯೂ ಇತ್ತು. ಮರಾಠಿಯವರು ‘ಕುಠೇ ಉತರಲಾತ್’ ಎಂದು ಕೇಳುತ್ತಾರೆ. ಕನ್ನಡದವರು ‘ಎಲ್ಲಿ ಇಳಿದುಕೊಂಡಿದ್ದೀರಿ’ ಎನ್ನುತ್ತಾರೆ. ಎರಡು ಭಾಷೆಗಳೂ ತಂಗುವುದನ್ನು ಇಳಿಯುವ ಕ್ರಿಯೆಯಿಂದಲೇ ಹೇಳುತ್ತವೆ. ಎರಡರಲ್ಲಿಯೂ ಆ ಪ್ರಶ್ನೆಗೆ ನಿರೀಕ್ಷಿತ ಉತ್ತರ ಒಬ್ಬ ಬಂಧುವಿನ ಹೆಸರು. ಹೋಟೆಲಿನ ಹೆಸರು ಹೇಳಿದರೆ ಆ ಊರಿನ ಸೋದರಮಾವ ಮುನಿಸಿಕೊಳ್ಳುತ್ತಿದ್ದ.

ಮುನಿಸಿಗೆ ಕಾರಣ ಸ್ಪಷ್ಟ. ಬಂಧುವಿನ ಮನೆಯಲ್ಲಿ ಇಳಿದರೆ ಒಂದು ಋಣ ಹುಟ್ಟುತ್ತದೆ. ಮುಂದೊಂದು ದಿನ ಅದನ್ನು ತೀರಿಸಬೇಕು. ಋಣದ ಮೊದಲ ಕಂತನ್ನು ಅಲ್ಲಿಯೇ, ಆಗಲೇ ಸಲ್ಲಿಸುತ್ತಿದ್ದವಳು ಅವ್ವ. ಪ್ರವಾಸಕ್ಕೆಂದು ಬಂದವಳು ಬೆಳಿಗ್ಗೆ ಎದ್ದು ನಾದಿನಿಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಊರು ಬದಲಾಗಿತ್ತು, ಒಲೆ ಬದಲಾಗಿರಲಿಲ್ಲ. ಮಠ, ಧರ್ಮಶಾಲೆಗಳಲ್ಲಿ ಋಣದ ಭಾರ ಕಡಿಮೆ. ಆದರೆ ಬಹಳಷ್ಟು ಕಡೆ ಬಾಗಿಲಲ್ಲಿಯೇ ಜಾತಿಯ ಪ್ರಶ್ನೆ ಎದುರಾಗುತ್ತಿತ್ತು. ಈ ಪ್ರಶ್ನೆಯ ಕ್ರೌರ್ಯವನ್ನು ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ದಾಖಲಿಸಿದ್ದಾರೆ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ವಿದ್ವಾಂಸನಿಗೆ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದುಕೊಂಡರು; ವಿಷಯ ತಿಳಿದು ಕೋಲು ಹಿಡಿದ ಗುಂಪು ಬಂದು ಹೊರಡಿಸಿತು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹಗಳ ಜೊತೆಗೆ ಹೋಟೆಲು ಎಂಬ ಪದವೂ ಇದೆ. ಬರೋಡಾದ ಆ ರಾತ್ರಿಗಳನ್ನು ಬಲ್ಲವರಿಗೆ ಅದು ಕೇವಲ ಕಾನೂನಿನ ಪದವಲ್ಲ.

ಮಧ್ಯಮ ದರ್ಜೆಯ ಸರಪಳಿ ಹೋಟೆಲು ಕೊಟ್ಟದ್ದು ಋಣವಿಲ್ಲದ ಆತಿಥ್ಯ. ಹಳಹಳಿಕೆಯ ತಿರುಳು ಇಲ್ಲಿದೆ. ಅತಿಥಿ, ಅನ್ನದ ಋಣ, ಉಪ್ಪಿನ ಹಂಗು ಇವುಗಳ ಮೇಲೆ ನಿಂತ ಭಾಷೆಯೊಂದರಲ್ಲಿ ಇದು ಹೊಸ ಅನುಭವ. ಹಣ ಕೊಟ್ಟರೆ ಮುಗಿಯಿತು, ಯಾರಿಗೂ ಹಂಗಿಲ್ಲ. ಹಣದ ಸಂಬಂಧ ಒಣಕಲು ಎಂದು ಸಾಹಿತ್ಯ ಎಷ್ಟೋ ಸಲ ಹೇಳಿದೆ. ಹಂಗಿನ ಸಂಬಂಧ ಯಾರ ಬೆವರಿನಿಂದ ಹಸಿಯಾಗಿತ್ತು ಎಂಬುದನ್ನು ಅಷ್ಟು ಸಲ ಹೇಳಿಲ್ಲ.

ಸರಪಳಿ ಎಂಬುದಕ್ಕೂ ಅರ್ಥವಿದೆ. 1951ರಲ್ಲಿ ಕೆಮನ್ಸ್ ವಿಲ್ಸನ್ ಎಂಬ ಅಮೆರಿಕದ ಗುತ್ತಿಗೆದಾರ ಹೆಂಡತಿ ಮತ್ತು ಐದು ಮಕ್ಕಳೊಡನೆ ಮೆಂಫಿಸ್‌ನಿಂದ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೊರಟ. ದಾರಿಯ ವಸತಿಗೃಹಗಳು ಕೊಳಕಾಗಿದ್ದದ್ದಲ್ಲದೆ ಮಕ್ಕಳಿಗೆ ತಲೆಗಿಷ್ಟೆಂದು ಹೆಚ್ಚಿನ ಬಾಡಿಗೆ ಕೇಳಿದವು. ಸಿಟ್ಟಿನಿಂದ ಮರಳಿದವನು ಮರುವರ್ಷ ಮೊದಲ ‘ಹಾಲಿಡೇ ಇನ್’ ತೆರೆದ: ಮಕ್ಕಳಿಗೆ ಬಾಡಿಗೆಯಿಲ್ಲ, ಎಲ್ಲ ಊರಿನಲ್ಲಿಯೂ ಒಂದೇ ತೆರನ ಕೋಣೆ. (ಆ ದೇಶದ ದಕ್ಷಿಣ ಭಾಗದ ಬಹುಪಾಲು ಹೋಟೆಲುಗಳು 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವವರೆಗೆ ಕರಿಯರಿಗೆ ಮುಚ್ಚಿದ್ದವು ಎಂಬುದನ್ನೂ ಜೊತೆಗೇ ಹೇಳಬೇಕು.) ಕನ್ನಡ ನಾಡಿನವರಿಗೂ ಈ ವಿದ್ಯೆ ಹೊಸದಲ್ಲ, ದಕ್ಷಿಣ ಕನ್ನಡದಿಂದ ಮದ್ರಾಸಿಗೆ ಹೋದ ಕೆ. ಕೃಷ್ಣರಾಯರು ಅಲ್ಲಿ 1938ರಲ್ಲಿಯೇ ವುಡ್‌ಲ್ಯಾಂಡ್ಸ್ ತೆರೆದಿದ್ದರು. ಒಂದು ಊರಿನಲ್ಲಿ ನಂಬಿದ ಹೆಸರನ್ನು ಇನ್ನೊಂದು ಊರಿನಲ್ಲಿಯೂ ನಂಬಬಹುದು ಎಂಬ ಭರವಸೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಪರಿಚಿತ ಊರಿನಲ್ಲಿ ರಾತ್ರಿ ಎಂಟಕ್ಕೆ ಇಳಿಯುವವನಿಗೆ ದೊಡ್ಡದು. ಏಕರೂಪತೆ ಸೃಜನಶೀಲತೆಯ ವೈರಿ ಎನ್ನುವವರು ಇಂಥ ಹೊತ್ತಿನಲ್ಲಿ ಬಸ್‌ ನಿಲ್ದಾಣದಲ್ಲಿ ನಿಂತವರಲ್ಲ.

ಇದು ಯಾರ ಹಳಹಳಿಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಎಲ್‌ಟಿಸಿ ಎಂಬ ರಜಾ ಪ್ರವಾಸದ ಸವಲತ್ತು ಸಂಬಳದಾರರದು. ಕಲ್ಹೇರ್, ನಾರಾಯಣಖೇಡದ ಕಡೆಯಿಂದ ಎಷ್ಟೋ ಸಂಸಾರಗಳು ಪ್ರತಿವರ್ಷ ಊರು ಬಿಟ್ಟದ್ದು ಕಬ್ಬು ಕಡಿಯಲು. ಅವರ ತಂಗುವಿಕೆ ಗದ್ದೆಯ ಅಂಚಿನ ಗುಡಿಸಲಿನಲ್ಲಿ. ಉಳಿದವರಿಗೆ ಪ್ರಯಾಣವೆಂದರೆ ಝರಾಸಂಗಮದ ಜಾತ್ರೆ, ಹರಕೆ, ಬಾಣಂತನ, ಆಸ್ಪತ್ರೆ. ಮಯೂರದ ಗಾದಿ ಅವರ ನೆನಪಿನಲ್ಲಿಲ್ಲ. ಇದ್ದರೂ, ಗುಂಡಿ ಒತ್ತಿದಾಗ ಬಂದು ನಿಂತ ಹುಡುಗನ ಕಡೆಯಿಂದ ಇದೆ. ಈ ಮಾತನ್ನು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಋಣವಿಲ್ಲದೆ, ಜಾತಿ ಹೇಳದೆ ತಂಗುವ ಸೌಕರ್ಯ ಕೆಲವರಿಗೇ ಸಿಕ್ಕಿತು ಎಂಬುದು ಅದನ್ನು ಹಲವರಿಗೆ ವಿಸ್ತರಿಸದ ವ್ಯವಸ್ಥೆಯ ದೋಷ. ಆ ಸೌಕರ್ಯವನ್ನೇ ಹೀಗಳೆಯಲು ಅದು ಕಾರಣವಾಗಲಾರದು.

ಆದದ್ದಾದರೋ ತಿರುವುಮುರುವು. ಮಲಗುವ ಸೌಕರ್ಯದ ಏಣಿಯಲ್ಲಿ ನಡುವಿನ ಮೆಟ್ಟಿಲೇ ಸಡಿಲವಾಗುತ್ತಿದೆ. 1000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗಳಿಗಿದ್ದ ಜಿಎಸ್‌ಟಿ ವಿನಾಯಿತಿಯನ್ನು 2022ರ ಜುಲೈನಲ್ಲಿ ತೆಗೆದುಹಾಕಲಾಯಿತು. ಮೊಬೈಲಿನಲ್ಲಿ ಕಾಯ್ದಿರಿಸುವ ಕೋಣೆಯ ಬಾಡಿಗೆ ಶನಿವಾರ ಒಂದು, ಮಂಗಳವಾರ ಒಂದು. ಸಂಬಳದ ಪಟ್ಟಿ ಹಿಡಿದು ಆರು ತಿಂಗಳು ಮೊದಲೇ ಲೆಕ್ಕ ಹಾಕುತ್ತಿದ್ದ ಮಾಸ್ತರರ ಗಣಿತಕ್ಕೆ ಅದು ಸಿಗುವುದಿಲ್ಲ. ಮೇಲ್ತುದಿಯಲ್ಲಿ ರೆಸಾರ್ಟುಗಳು. ನಡುವೆ ಹೋಮ್‌ಸ್ಟೇಗಳು ಬಂದಿವೆ. ‘ಮನೆಯದೇ ವಾತಾವರಣ’ ಎಂಬುದು ಅವುಗಳ ಜಾಹೀರಾತು. ಮನೆಯ ವಾತಾವರಣದಿಂದ ಎರಡು ದಿನ ಬಿಡುಗಡೆ ಕೊಟ್ಟದ್ದೇ ಹಳೆಯ ಕೋಣೆಯ ಗುಣವಾಗಿತ್ತೆಂಬುದು ಜಾಹೀರಾತು ಬರೆದವರಿಗೆ ಹೊಳೆದಿಲ್ಲ. ಕೆಲವೆಡೆ ಮನೆಯ ಜೊತೆಗೆ ಮನೆಯೊಡೆಯನ ಪ್ರಶ್ನೆಗಳೂ ಮರಳಿ ಬಂದಿವೆ: ಯಾವ ಊರು, ಯಾರ ಪೈಕಿ, ಏನು ಊಟ ಮಾಡುತ್ತೀರಿ.

ಐಚ್ಛಿಕ ಕನ್ನಡದ ತರಗತಿಯಲ್ಲಿ ಪ್ರವಾಸ ಸಾಹಿತ್ಯವೆಂದರೆ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಕಾರಂತರ ‘ಅಬೂವಿನಿಂದ ಬರಾಮಕ್ಕೆ’, ಗೋಕಾಕರ ‘ಸಮುದ್ರದಾಚೆಯಿಂದ’, ‘ಅಮೆರಿಕದಲ್ಲಿ ಗೊರೂರು’. ಎಲ್ಲವೂ ದೊಡ್ಡ ಬರಹಗಳೇ. ಹೋದವರು ಬಲ್ಲಿದರು, ಕಂಡದ್ದು ದೊಡ್ಡದು. ಹೆಂಡತಿ ಮಕ್ಕಳೊಡನೆ ಮೂರು ದಿನ ರಜೆ ಹಾಕಿ ವಿಜಾಪುರ ನೋಡಿ ಬಂದ ಗುಮಾಸ್ತನ ಪ್ರವಾಸಕಥನಕ್ಕೆ ಅವುಗಳ ಪಕ್ಕದಲ್ಲಿ ಜಾಗವಿರಬೇಕು. ಅದನ್ನು ಅಪ್ಪನ ನೆನಪಿನಿಂದ ಬರೆದರೆ ಬಾಡಿಗೆಯ ಮೊತ್ತ, ಬಸ್ಸಿನ ವೇಳೆ ಸಿಗುತ್ತವೆ. ಮಕ್ಕಳ ನೆನಪಿನಿಂದ ಬರೆದರೆ ಗಾದಿಯ ಜಗಳ. ಅವ್ವನ ನೆನಪಿನಿಂದ ಬರೆದರೆ ಬೇರೆಯೇ ಪುಸ್ತಕವಾದೀತು. ಆ ಕೋಣೆಯಲ್ಲಿ ಅವಳು ಒಲೆ ಹಚ್ಚಲಿಲ್ಲ, ನಿಜ. ಮಕ್ಕಳ ಬಟ್ಟೆಗಳನ್ನು ಬಚ್ಚಲಲ್ಲಿ ಒಗೆದು ಕುರ್ಚಿಯ ಬೆನ್ನಿಗೆ ಹರವಿದವಳೂ ಅವಳೇ. ಬೆಳಗಿನ ಚಹಾ ಇನ್ನೊಬ್ಬರ ಕೈಯಿಂದ ಬಂದಾಗ, ಅದು ತಣ್ಣಗಾಗುವ ಮೊದಲು ಕುಳಿತು ಕುಡಿಯುವುದಕ್ಕೆ ಅವಳಿಗೆ ತುಸು ಸಂಕೋಚವೇ ಆಗಿರಬೇಕು.

ಸ್ವಾಗತದ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರೊಂದು ಇರುತ್ತಿತ್ತು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಬಂದ ಉದ್ದೇಶ. ಜಾತಿಯ ಅಂಕಣ ಅದರಲ್ಲಿರಲಿಲ್ಲ, ಅಡ್ಡಹೆಸರಿನಿಂದ ಊಹಿಸುವವರು ಊಹಿಸಿಕೊಳ್ಳುತ್ತಿದ್ದರೂ. ಕಲ್ಹೇರಿನ ಮಾಸ್ತರರು ಅಲ್ಲಿ ಕನ್ನಡದಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಮೆದಕ್ ಜಿಲ್ಲೆ, ಆಂಧ್ರಪ್ರದೇಶ ಎಂದು ಸೇರಿಸಿ, ಸಹಿ ಹಾಕುತ್ತಿದ್ದರು. ಕೊನೆಯ ಅಂಕಣ ಜೊತೆಯಲ್ಲಿರುವವರದು. ಅದರಲ್ಲಿ ಹೆಸರು ಬರೆಯುವಷ್ಟು ಜಾಗವಿರಲಿಲ್ಲ. ಅವ್ವ ಮತ್ತು ಮೂವರು ಮಕ್ಕಳು ಸೇರಿ ಅಲ್ಲಿ ‘4’ ಎಂಬ ಅಂಕಿಯಾಗಿ ನಿಲ್ಲುತ್ತಿದ್ದರು.