ಕಂಪ್ಯೂಟರ್ ತನ್ನ ಪಾಟಿ ತಾನೇ ಒರೆಸಲಿ

ಮಕ್ಕಳೇ, ಪಾಟಿಯ ಮೇಲೆ ಬಳಪದಿಂದ ಬರೆದು ಒಣ ಅಂಗೈಯಿಂದ ಒರೆಸಿ ನೋಡಿ. ಅಕ್ಷರ ಹೋದಂತೆ ಕಾಣುತ್ತದೆ. ಪಾಟಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಅದೇ ಅಕ್ಷರ ಮಸುಕಾಗಿ ಮತ್ತೆ ಕಾಣುತ್ತದೆ! ಕಂಪ್ಯೂಟರಿನಲ್ಲೂ ಇಂಥ ಪಾಟಿಯೊಂದಿದೆ. ಅದರ ಹೆಸರು ರ‍್ಯಾಮ್. ಹಾರ್ಡ್ ಡಿಸ್ಕ್ ನೋಟ್‌ಬುಕ್ಕಿನ ಹಾಗೆ, ಬರೆದದ್ದು ಉಳಿಯುತ್ತದೆ. ರ‍್ಯಾಮ್ ಕೆಲಸ ನಡೆಯುವಷ್ಟು ಹೊತ್ತು ಬಳಸುವ ಪಾಟಿ. ವಿದ್ಯುತ್ ನಿಂತ ಕೂಡಲೇ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಅದು ಪೂರ್ತಿ ನಿಜವಲ್ಲ.

ರ‍್ಯಾಮಿನಲ್ಲಿ ಕೋಟಿಗಟ್ಟಲೆ ಪುಟ್ಟ ಧಾರಕಗಳಿವೆ. ಸರಳವಾಗಿ ಹೇಳುವುದಾದರೆ, ಧಾರಕದಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. ಇವು ತೂತಿನ ಕೊಡಗಳಂತೆ. ಆವೇಶ ಸೋರುತ್ತಲೇ ಇರುತ್ತದೆ. ಆದ್ದರಿಂದ ಕಂಪ್ಯೂಟರ್ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 16 ಸಲ, ಅವನ್ನು ಮತ್ತೆ ತುಂಬುತ್ತದೆ. ಸ್ವಿಚ್ ಆರಿಸಿದರೆ ತುಂಬುವುದು ನಿಲ್ಲುತ್ತದೆ. ಆದರೆ ಕೊಡ ಖಾಲಿಯಾಗಲು ಹೊತ್ತು ಬೇಕಲ್ಲವೇ?

2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್, ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಮೋನಾಲಿಸಾ ಚಿತ್ರವನ್ನು ರ‍್ಯಾಮಿಗೆ ತುಂಬಿ ವಿದ್ಯುತ್ ಕಡಿದರು. 5 ಸೆಕೆಂಡಿನ ನಂತರವೂ ಚಿತ್ರ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅರ್ಧ ನಿಮಿಷ, ಒಂದು ನಿಮಿಷ ಕಳೆದಂತೆ ಗೆರೆಗಳು ಮೂಡಿ ಕ್ರಮೇಣ ಮಾಸಿತು. ಚಿಪ್ಪನ್ನು ತಣ್ಣಗೆ ಮಾಡಿದರೆ ಸೋರುವುದು ಇನ್ನೂ ನಿಧಾನ. ಸ್ಪ್ರೇ ಡಬ್ಬಿ ತಲೆಕೆಳಗು ಮಾಡಿ ಸಿಂಪಡಿಸಿ ಸುಮಾರು ಮೈನಸ್ 50 ಡಿಗ್ರಿಗೆ ತಂಪುಮಾಡಿದಾಗ, 10 ನಿಮಿಷದ ಮೇಲೂ ನೂರರಲ್ಲಿ ಒಂದು ಪಾಲೂ ಅಳಿದಿರಲಿಲ್ಲ! ದ್ರವ ಸಾರಜನಕದಲ್ಲಿಟ್ಟ ಚಿಪ್ಪಂತೂ ಒಂದು ಗಂಟೆಯ ನಂತರವೂ ಬಹುತೇಕ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. (ದ್ರವ ಸಾರಜನಕ ದೂರದ ವಸ್ತುವೇನಲ್ಲ. ದನಗಳ ತಳಿ ಸುಧಾರಣೆಗಾಗಿ ಪಶು ಆಸ್ಪತ್ರೆಗಳು ಅದನ್ನು ದೊಡ್ಡ ಜಾಡಿಗಳಲ್ಲಿ ಇಟ್ಟಿರುತ್ತವೆ.)

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರಿಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದಾಗ ಹೊಲಗಳ ಪಹಣಿ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ಏರ್ಪಾಡು ಆಗಲೇ ಬಂತು. ಪಹಣಿ ಗುಟ್ಟಲ್ಲ, ಯಾರು ಬೇಕಾದರೂ ಪಡೆಯಬಹುದು. ಅದನ್ನು ತಿದ್ದಲು ದಾರಿ ಬಿಡುವ ಕೀಲಿ ಮಾತ್ರ ಗುಟ್ಟು. ಈಗ ಅಪ್ಪನ ಆಧಾರ್ ಸಂಖ್ಯೆ, ಅವ್ವನ ಬ್ಯಾಂಕ್ ಪಾಸ್‌ವರ್ಡ್ ಕೂಡ ಊರಿನ ಯಾವುದೋ ಅಂಗಡಿಯ ಕಂಪ್ಯೂಟರಿನ ಪಾಟಿಯ ಮೇಲೆ ಸ್ವಲ್ಪ ಹೊತ್ತು ಕುಳಿತಿರುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಹತ್ತು ಜನ ಮುಟ್ಟುವ ಕಂಪ್ಯೂಟರುಗಳು ಆರುವ ಮುನ್ನ ರ‍್ಯಾಮಿನಲ್ಲಿದ್ದ ಗುಟ್ಟುಗಳ ಮೇಲೆ ತಾವೇ ಸೊನ್ನೆಗಳನ್ನು ಬರೆದು ಅಳಿಸಬೇಕು. ಕೂತವರು ನೆನಪಿಟ್ಟು ಮಾಡಲಿ ಎಂದು ಬಿಡಬಾರದು. ಸಂಜೆ ಮನೆಗೆ ಹೊರಟವರಿಗೆ ಆತುರವಿರುತ್ತದೆ. ಇದು ಕೆಲವು ಸೆಕೆಂಡುಗಳ ಕೆಲಸ. ಟೇಲ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಇದನ್ನು ಮಾಡುತ್ತಲೇ ಇದೆ.

ಕಳ್ಳ ಕಂಪ್ಯೂಟರ್ ಆರಿಸಿದ ಕೂಡಲೇ ಸ್ಪ್ರೇ ಡಬ್ಬಿ ಹಿಡಿದು ಬರುತ್ತಾನೆಯೇ ಎಂದು ನಗುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ, ಇದು ದಿನನಿತ್ಯ ನಡೆಯುವ ಕಳವಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವುದು ಇದಕ್ಕಿಂತ ದೊಡ್ಡ ಅಪಾಯ. ಆದರೂ ಕೆಲವೇ ಸೆಕೆಂಡುಗಳಲ್ಲಿ ಮುಚ್ಚಬಹುದಾದ ಬಾಗಿಲನ್ನು ತೆರೆದಿಡುವುದೇಕೆ?

ನನಗೆ ನಿಜವಾಗಿ ಕಷ್ಟವೆನಿಸುವ ಪ್ರಶ್ನೆ ಬೇರೆ. ಕರೆಂಟು ಒಮ್ಮೆಲೇ ಹೋದರೆ? ಆಗ ಒರೆಸುವ ಪ್ರೋಗ್ರಾಮೂ ನಿಂತುಬಿಡುತ್ತದೆ. ಇದಕ್ಕಾಗಿ, ಹಿಂದಿನ ಸಲ ಸರಿಯಾಗಿ ಆರಿರದಿದ್ದರೆ ಮುಂದಿನ ಸಲ ಹೊತ್ತಿಕೊಳ್ಳುವಾಗಲೇ ರ‍್ಯಾಮನ್ನು ಅಳಿಸುವ ಕಂಪ್ಯೂಟರುಗಳಿವೆ. ಚಿಪ್ಪನ್ನೇ ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೆ ಅದೂ ಸಾಲದು. ಅದಕ್ಕೆಂದೇ ರ‍್ಯಾಮಿನಲ್ಲಿ ಎಲ್ಲವನ್ನೂ ಗುಪ್ತಲಿಪಿಯಲ್ಲೇ ಬರೆಯುವ ಪ್ರೊಸೆಸರುಗಳು ಬಂದಿವೆ. ಅವಿಲ್ಲದ ಹಳೆಯ ಯಂತ್ರಕ್ಕೆ ಯುಪಿಎಸ್ ಇದ್ದರೂ ಆದೀತು. ಕರೆಂಟು ಹೋಗಿ ಅದು ಕೀಂ ಕೀಂ ಎನ್ನತೊಡಗಿದ ಮೇಲೆ ಸಿಗುವ ನಾಲ್ಕಾರು ನಿಮಿಷ ಪಾಟಿ ಒರೆಸಲು ಧಾರಾಳವಾಯಿತು.