ಬಡ್ಡಿಗೆ ರಿಯಾಯಿತಿ, ಬೆವರಿಗೆ ಬುಲ್ಡೋಜರು



ಹಳ್ಳಿಯಲ್ಲಿದ್ದಾಗ ನಮ್ಮದು ಹೊಲಗೇರಿ. ನಗರಕ್ಕೆ ಬಂದ ಮೇಲೆ ಕೊಳಗೇರಿ. ಬಸ್ ಚಾರ್ಜು ಕೊಟ್ಟು ಬಂದದ್ದಕ್ಕೆ ಹೆಸರಿನ ಮೊದಲೆರಡು ಅಕ್ಷರ ಬದಲಾಯಿತು ಅಷ್ಟೆ. 1948ರಲ್ಲಿ ಸಂವಿಧಾನ ಸಭೆಯೊಳಗೆ ಎಲ್ಲರೂ ಹಳ್ಳಿಯನ್ನು ಹಾಡಿ ಹೊಗಳುತ್ತಿದ್ದಾಗ ಬಾಬಾಸಾಹೇಬರು ಅದರ ಕೊಳಕನ್ನು ಎತ್ತಿ ತೋರಿಸಿದರು. ನಮ್ಮ ಅಪ್ಪಂದಿರು ಆ ಭಾಷಣ ಓದಿದವರಲ್ಲ. ಆದರೂ ಗಂಟುಮೂಟೆ ಕಟ್ಟಿದರು. 2011ರ ಜನಗಣತಿಯ ಪ್ರಕಾರ ಈ ದೇಶದ ಕೊಳಗೇರಿಗಳಲ್ಲಿರುವವರು ಆರೂವರೆ ಕೋಟಿ ಜನ. ನಗರಗಳ ಒಟ್ಟು ಜನರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 13ರ ಹತ್ತಿರ. ಕೊಳಗೇರಿಯೊಳಗೆ ನೂರಕ್ಕೆ 20. ನಗರದಲ್ಲಿ ಜಾತಿ ಇಲ್ಲ ಅನ್ನೋರು ಈ ಎರಡು ಅಂಕಿಗಳನ್ನು ಒಂದು ಸಲ ಪಕ್ಕಪಕ್ಕ ಇಟ್ಟು ನೋಡಲಿ.

ನೀತಿಗೇನೂ ಬರವಿಲ್ಲ. 1988ರಲ್ಲಿ ರಾಷ್ಟ್ರೀಯ ವಸತಿ ನೀತಿ ಅಂದರು. 1994ರಲ್ಲಿ ಇನ್ನೊಂದು, 1998ರಲ್ಲಿ ಮತ್ತೊಂದು, 2007ರಲ್ಲಿ ಮಗದೊಂದು. ನಡುವೆ 2005ರಲ್ಲಿ ನೆಹರೂ ಹೆಸರಿನಲ್ಲಿ ನಗರ ನವೀಕರಣ. 2015ರಲ್ಲಿ ಪ್ರಧಾನಮಂತ್ರಿ ಆವಾಸ್: 2022ರೊಳಗೆ ಎಲ್ಲರಿಗೂ ಸೂರು! 2022 ಬಂತು, ಹೋಯಿತು. ಗಡುವನ್ನು 2024ಕ್ಕೆ ತಳ್ಳಿದರು. ಆಮೇಲೆ ಎರಡನೇ ಕಂತು ಅಂತ ಇನ್ನೊಂದು ಕೋಟಿ ಮನೆ ಘೋಷಿಸಿದರು.

ಘೋಷಣೆ ಬಿಟ್ಟು ಲೆಕ್ಕಕ್ಕೆ ಬರೋಣ. ನಾವು ಬಿ.ಎ. ಓದಿದವರು, ಲೆಕ್ಕದಲ್ಲಿ ಅಷ್ಟಕ್ಕಷ್ಟೇ, ಆದರೆ ಈ ಲೆಕ್ಕಕ್ಕೆ ಒಂದನೇ ಕ್ಲಾಸು ಸಾಕು. 2015ರ ಯೋಜನೆಯಲ್ಲಿ ಕೊಳಗೇರಿಯವರಿಗೆ ಇದ್ದ ಜಾಗದಲ್ಲೇ ಮನೆ ಕಟ್ಟಿಕೊಡಲು ಕೇಂದ್ರ ಕೊಡುತ್ತಿದ್ದದ್ದು ಮನೆಯೊಂದಕ್ಕೆ 1 ಲಕ್ಷ. ಅದೇ ಯೋಜನೆಯಲ್ಲಿ ವರ್ಷಕ್ಕೆ 18 ಲಕ್ಷದವರೆಗೆ ದುಡಿಯುವ ಮನುಷ್ಯ ಬ್ಯಾಂಕಿನಲ್ಲಿ ಸಾಲ ಮಾಡಿ ಮೊದಲ ಮನೆ ಕೊಂಡರೆ, ಬಡ್ಡಿಯ ಬಾಬ್ತು 2 ಲಕ್ಷ 30 ಸಾವಿರದವರೆಗೆ ಸಹಾಯ. ಬಡವರಿಗೂ ಬಡ್ಡಿ ರಿಯಾಯಿತಿ ಇತ್ತಲ್ಲ, ಇನ್ನೂ ಹೆಚ್ಚೇ ಇತ್ತಲ್ಲ, ಅಂತ ಕೇಳುವವರುಂಟು. ಇತ್ತು ಸ್ವಾಮಿ, 2 ಲಕ್ಷ 67 ಸಾವಿರದವರೆಗೆ ಇತ್ತು. ಆದರೆ ಸಾಲವೇ ಹುಟ್ಟದವನಿಗೆ ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ಏನು ಬಂತು? ಗಾರೆ ಕೆಲಸದವನು ಯಾವ ಸಂಬಳದ ಚೀಟಿ ತರಬೇಕು? ನಾಲ್ಕು ಮನೆಯಲ್ಲಿ ಮುಸುರೆ ತಿಕ್ಕುವವಳಿಗೆ ಆದಾಯದ ದಾಖಲೆ ಬರೆದುಕೊಡೋರು ಯಾರು? ಇನ್ನೊಂದು ಬಾಗಿಲಿತ್ತು: ನಿನ್ನ ಜಾಗದಲ್ಲಿ ನೀನೇ ಕಟ್ಟಿಕೋ, ಒಂದೂವರೆ ಲಕ್ಷ ಕೊಡ್ತೀವಿ. ನಗರಗಳಲ್ಲಿ ಮಂಜೂರಾದ ಮನೆಗಳಲ್ಲಿ ಹೆಚ್ಚಿನವು ಈ ಬಾಗಿಲಲ್ಲೇ ಹೋದವು. ಜಾಗ ಇದ್ದವನಿಗೆ ಮನೆ. ನಮ್ಮ ಹತ್ತಿರ ಇಲ್ಲದ್ದೇ ಜಾಗ!

2024ರ ಎರಡನೇ ಕಂತಿನಲ್ಲಿ ಇದ್ದಲ್ಲೇ ಕಟ್ಟಿಕೊಡುವ ಆ ಬಾಬನ್ನೇ ತೆಗೆದುಹಾಕಿದ್ದಾರೆ. ಬಡ್ಡಿ ರಿಯಾಯಿತಿಯನ್ನು ಉಳಿಸಿಕೊಂಡಿದ್ದಾರೆ.

ಮನೆಯೇ ಸಾಲದು ಅನ್ನುವುದೂ ಪೂರಾ ನಿಜವಲ್ಲ. 2012ರಲ್ಲಿ ಸರ್ಕಾರದ ತಜ್ಞರೇ ನಗರಗಳಲ್ಲಿ 1 ಕೋಟಿ 87 ಲಕ್ಷ ಮನೆಗಳ ಕೊರತೆ ಎಂದರು. ಅದರಲ್ಲಿ ನೂರಕ್ಕೆ 95ಕ್ಕೂ ಮೇಲೆ ಬಡವರದು, ಕಡಿಮೆ ಆದಾಯದವರದು. ಅದಕ್ಕೆ ಒಂದು ವರ್ಷ ಮುಂಚಿನ ಜನಗಣತಿಯಲ್ಲಿ ನಗರಗಳಲ್ಲೇ ಸುಮಾರು 1 ಕೋಟಿ 10 ಲಕ್ಷ ಮನೆಗಳಿಗೆ ಬೀಗ. ದುಡ್ಡಿದ್ದವರು ದುಡ್ಡನ್ನು ಗೋಡೆ ಕಟ್ಟಿ ಇಟ್ಟಿದ್ದಾರೆ. ಒಳಗೆ ಜಿರಲೆ ಸಂಸಾರ.

ನವೀಕರಣ ಅಂದರೇನು ಅಂತ ತಿಳಿಯಬೇಕಾದವರು ಬೆಂಗಳೂರಿನ ಈಜಿಪುರಕ್ಕೆ ಹೋಗಬೇಕು. ಕೋರಮಂಗಲದ ಮಗ್ಗುಲಲ್ಲಿ ಬಡವರಿಗೆಂದು 1990ರ ದಶಕದಲ್ಲಿ ಕಟ್ಟಿದ ಸುಮಾರು 1,500 ಮನೆಗಳ ಕ್ವಾರ್ಟರ್ಸ್. ಎಂಥಾ ಕೆಲಸವೋ, ಹದಿನೈದಿಪ್ಪತ್ತು ವರ್ಷ ತಾಳಲಿಲ್ಲ, ಬ್ಲಾಕುಗಳು ಕುಸಿಯತೊಡಗಿದವು. ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಉಳಿದರು. ಅಷ್ಟರಲ್ಲಿ ಕೋರಮಂಗಲದ ನೆಲ ಚಿನ್ನವಾಗಿತ್ತು. ನಗರಪಾಲಿಕೆ ಖಾಸಗಿಯವರೊಡನೆ ಒಪ್ಪಂದ ಮಾಡಿಕೊಂಡಿತು: ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ಮಾಲು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿಗಳು ಬಂದವು. ಸುಮಾರು ಸಾವಿರದ ಐನೂರು ಸಂಸಾರಗಳು ಬೀದಿಗೆ ಬಿದ್ದವು. ದಲಿತರು, ಮುಸಲ್ಮಾನರು, ಕ್ರೈಸ್ತರು. ಮೂಲ ಹಂಚಿಕೆದಾರ ಯಾರು, ಬಾಡಿಗೆಗೆ ಇದ್ದವ ಯಾರು ಅನ್ನೋ ಪ್ರಶ್ನೆ ಎತ್ತಿ ಜನರನ್ನು ಎರಡು ಪಾಲು ಮಾಡಿದರು. ವರ್ಷಗಟ್ಟಲೆ ಎಷ್ಟೋ ಮಂದಿ ಅಲ್ಲೇ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹೊದ್ದು ಕಳೆದರು.

"ಊರಾಚೆ ಕೊಡ್ತೀವಲ್ಲ, ಹೋಗೋಕೇನು ದಾಡಿ?" ಅಂತಾರೆ. ಬೆಳಿಗ್ಗೆ ಆರೂವರೆಗೆ ಹಾಜರಿ ಹಾಕಬೇಕಾದ ಪೌರಕಾರ್ಮಿಕಳು ಇಪ್ಪತ್ತು ಕಿಲೋಮೀಟರು ಆಚೆಯಿಂದ ಯಾವ ಬಸ್ಸು ಹಿಡೀಬೇಕು? ನಾವು ಗುಡಿಸಿದ ರಸ್ತೆ ಬೇಕು, ನಮ್ಮ ಗುಡಿಸಲು ಬೇಡ.

ಬಾಡಿಗೆಗೆ ಹೋಗೋಣ ಅಂದರೆ ಹತ್ತು ತಿಂಗಳ ಅಡ್ವಾನ್ಸು. ಅದನ್ನೂ ಚೀಟಿ ಎತ್ತಿ ಹೊಂದಿಸಿದರೆ, ಓನರಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರೆ: "ನೀವು ಯಾವ ಜನ?" ಡಿಗ್ರಿ ಹೇಳ್ತೀವಿ, ಕೆಲಸ ಹೇಳ್ತೀವಿ, ಊರು ಹೇಳ್ತೀವಿ. "ಅದಲ್ಲಪ್ಪ, ಯಾವ ಜನ?" ಹೇಳಿದ ಮೇಲೆ ಮನೆ ಆಗಲೇ ಬೇರೆಯವರಿಗೆ ಆಗಿಬಿಟ್ಟಿರುತ್ತೆ. 2021ರಲ್ಲಿ ಕೇಂದ್ರ ಒಂದು ಮಾದರಿ ಬಾಡಿಗೆ ಕಾಯಿದೆ ಬರೆದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಬೇಡ ಅಂದಿತು. ಜಾತಿ ಕೇಳಿ ಬಾಗಿಲು ಹಾಕಬಾರದು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಕೈಗೆಟುಕುವ ಬೆಲೆಯ ಮನೆ ಅಂತ ಮಾತಾಡೋ ಪಂಡಿತರು ಬೆಲೆ ಅಳೆಯುತ್ತಾರೆ, ಹೊಸ್ತಿಲು ಅಳೆಯೋದಿಲ್ಲ.

1973ರಲ್ಲಿ ಕರ್ನಾಟಕದಲ್ಲಿ ಬಂದ ಕೊಳಗೇರಿ ಕಾಯಿದೆಯ ಹೆಸರಿನಲ್ಲೇ ಎರಡು ಮಾತಿವೆ: ಅಭಿವೃದ್ಧಿ, ನಿರ್ಮೂಲನ. ಎರಡನೆಯದನ್ನು ಅಧಿಕಾರಿಗಳು ಚೆನ್ನಾಗಿ ಓದಿಕೊಂಡಿದ್ದಾರೆ. ಮೊದಲನೆಯದನ್ನು ಓದಿಸುವ ಕೆಲಸ ನಮ್ಮದು.

ಆದ್ದರಿಂದ ನಿಮ್ಮ ಕೇರಿಗೆ ಸರ್ವೆಯವರು ಬಂದರೆ ಟೀ ಕೊಡಿ, ಹೆಬ್ಬೆಟ್ಟು ಕೊಡಬೇಡಿ. ಮೊದಲು ಕೇಳಿ: ಈ ಕೇರಿ ಘೋಷಿತ ಕೊಳಗೇರಿಯೋ ಅಲ್ಲವೋ, ಆದೇಶದ ನಕಲು ಕೊಡಿ. ಕಟ್ಟುವ ಮನೆ ಇದೇ ಜಾಗದಲ್ಲೋ ಬೇರೆ ಕಡೆಯೋ, ಬರೆದು ಕೊಡಿ. ಕಟ್ಟೋವರೆಗೆ ನಮ್ಮನ್ನು ಎಲ್ಲಿಡ್ತೀರಿ, ಬಾಡಿಗೆ ಯಾರು ಕಟ್ತಾರೆ? ಹಕ್ಕುಪತ್ರ ಹೆಂಗಸಿನ ಹೆಸರಿಗೆ ಯಾವತ್ತು? ಬಾಡಿಗೆಗಿರುವವರನ್ನೂ ಪಟ್ಟಿಗೆ ಸೇರಿಸಿ; ಈಜಿಪುರದಲ್ಲಿ ಬಿರುಕು ಬಿಟ್ಟದ್ದು ಗೋಡೆಯಷ್ಟೇ ಅಲ್ಲ. ಮನೆಮನೆಗೆ ಒಬ್ಬೊಬ್ಬರಾಗಿ ಸಹಿ ಹಾಕಬೇಡಿ. ಕೇರಿಯೆಲ್ಲ ಕೂತು, ಕಾಗದವನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ನೋಡೋಣ. ಓದೋರು ಸಿಗದಿದ್ದರೆ ನಮಗೆ ಹೇಳಿ ಕಳಿಸಿ, ಬರ್ತೀವಿ.